ಗಂಡಿಲಿಯ ಔಷಧ

ಆಳಂದದ ನಮ್ಮ ಓಣಿಯಲ್ಲಿ ಎಂಬಿಬಿಎಸ್ ಪಾಸಾದ ಮೊದಲ ಹುಡುಗಿ ನಾನು. ರಿಸಲ್ಟ್ ಬಂದ ದಿನ ಅವ್ವ ಮನೆಮನೆಗೆ ಹೋಗಿ ಪೇಢೆ ಹಂಚಿದ್ದಳು. ಮುಂದೆ ನಾನು ಎಂ.ಡಿ.ಗೆ ಔಷಧಶಾಸ್ತ್ರ ತೆಗೆದುಕೊಂಡು ದಿನವಿಡೀ ಇಲಿಗಳ ಜೊತೆ ಇರುತ್ತೇನೆಂದು ಗೊತ್ತಾದಾಗ, ಹಂಚಿದ ಪೇಢೆ ವಾಪಸು ಕೇಳುವುದೊಂದೇ ಬಾಕಿ. "ನಮ್ಮ ಬಾಣಂತನ ಮಾಡ್ತಾಳ ಅಂದ್ರ ಇಲಿ ಬಾಣಂತನ ಮಾಡಾಕ ಹೋಗ್ಯಾಳ್ರಿ" ಎಂದು ಪಕ್ಕದ ಮನೆಯಾಕೆ ನಳದ ಹತ್ತಿರ ಆಡಿದ ಮಾತು ನನ್ನ ಕಿವಿಗೇ ಬಿತ್ತು. ಆ ಮಾಹಿತಿಯೂ ತಪ್ಪು. ನಮ್ಮ ಪ್ರಯೋಗಕ್ಕೆ ಬರುತ್ತಿದ್ದವು ಬರೀ ಗಂಡಿಲಿಗಳು, ಅವುಗಳಿಗೆ ಎಲ್ಲಿಯ ಬಾಣಂತನ.

ನಾನು ಓದಿದ ಕಾಲೇಜಿನ ಊರು ಯಾವುದೆಂದು ಬರೆಯುವುದಿಲ್ಲ. ನಮ್ಮ ಗೈಡ್ ಸಾಹೇಬರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಅವರ ಮನೆಯ ಗೋಡೆಯ ಮೇಲೆ ಸಾಹೇಬರು ಗಂಧದ ಹಾರ ಹಾಕಿಕೊಂಡು ನಗುತ್ತಿರಬಹುದು, ಪಾಪ, ನಗಲಿ. ಎಂಬತ್ತರ ದಶಕದ ಮಾತು. ಸಾಹೇಬರು ಮೈಸೂರು ಕಡೆಯವರು, ನಮ್ಮ ಸೀಮೆಯ ಬಿಸಿಲನ್ನೂ ನಮ್ಮ ಕನ್ನಡವನ್ನೂ ಒಂದೇ ಮುಖ ಮಾಡಿಕೊಂಡು ಸಹಿಸುತ್ತಿದ್ದರು. ಅವರಿಗೆ ಎಲ್ಲಿಂದಲೋ ಒಂದು ಬಿಳಿ ಪುಡಿ ಸಿಕ್ಕಿತ್ತು. ಅದನ್ನು ನೀರಿನಲ್ಲಿ ಕರಗಿಸಿ ಇಲಿಯ ಹೊಟ್ಟೆಗೆ ಚುಚ್ಚಿದರೆ ಲಕ್ವಾ ಹೊಡೆದಾಗ ಮಿದುಳು ಸಾಯದೆ ಉಳಿಯುತ್ತದೆ ಎಂದು ನಾನು ತೋರಿಸಬೇಕಿತ್ತು. ಉಳಿಯುತ್ತದೋ ಇಲ್ಲವೋ ನೋಡುವುದಲ್ಲ, ಉಳಿಯುತ್ತದೆಂದು ತೋರಿಸುವುದು. ಈ ಎರಡೂ ಬೇರೆ ಬೇರೆ ಕೆಲಸ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಪುಸ್ತಕದಲ್ಲಿ ಪಾರ್ಶ್ವವಾಯು ಎಂದು ಬರೆಯುವುದಕ್ಕೆ ನಮ್ಮ ಕಡೆ ಲಕ್ವಾ ಅನ್ನುತ್ತಾರೆ. ಇಲಿಗೆ ಅದು ತಾನಾಗಿ ಬರುವುದಿಲ್ಲ, ನಾವೇ ಹೊಡೆಸಬೇಕು. ಅರಿವಳಿಕೆ ಕೊಟ್ಟು, ಕುತ್ತಿಗೆ ಬಿಡಿಸಿ, ಮಿದುಳಿಗೆ ರಕ್ತ ಒಯ್ಯುವ ನಾಳಕ್ಕೆ ರೇಷ್ಮೆ ದಾರದ ಕುಣಿಕೆ ಹಾಕಿ ಬಿಗಿಯುವುದು, ಸ್ವಲ್ಪ ಹೊತ್ತು ಬಿಟ್ಟು ಸಡಿಲಿಸುವುದು. ಮರುದಿನ ಇಲಿ ಒಂದು ಮುಂಗಾಲು ಮಡಚಿಕೊಂಡು ಒಂದೇ ಕಡೆಗೆ ಗಿರಗಿರ ಸುತ್ತುತ್ತಿರುತ್ತದೆ. ಆಮೇಲೆ ಅದನ್ನು ಕೊಂದು, ಮಿದುಳನ್ನು ತೆಳ್ಳಗೆ ಹೆಚ್ಚಿ ಬಣ್ಣದ ನೀರಿಗೆ ಹಾಕಿದರೆ, ಜೀವ ಇದ್ದ ಭಾಗ ಕೆಂಪಾಗುತ್ತದೆ, ಸತ್ತ ಭಾಗ ಬೆಳ್ಳಗೆ ಉಳಿಯುತ್ತದೆ. ಔಷಧ ಕೊಟ್ಟ ಇಲಿಗಳನ್ನೂ ಬರೀ ಉಪ್ಪುನೀರು ಕೊಟ್ಟ ಇಲಿಗಳನ್ನೂ ಪಕ್ಕಪಕ್ಕ ಇಟ್ಟು ಯಾರಲ್ಲಿ ಬಿಳುಪು ಕಡಿಮೆ ಎಂದು ನೋಡಬೇಕು. ತತ್ತಿಯನ್ನು ಕೂಡ ಒಳಗೆ ತರದ ಮನೆಯಿಂದ ಬಂದವಳು ನಾನು. ಮೊದಲ ಇಲಿಯ ದಿನ ಊಟ ಸೇರಲಿಲ್ಲ. ಆಮೇಲೆ ಸೇರಿತು, ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಒಂದು ದಿನ ಕೇಳಿದೆ: "ಸರ್, ಹೆಣ್ಣಿಲಿ ಯಾಕೆ ತಗೊಳ್ಳಲ್ಲ ನಾವು?"

"ಹೆಣ್ಣಿಲಿಗಳದ್ದು ಒಂದೊಂದು ದಿನ ಒಂದೊಂದು ಥರ ಕಣಮ್ಮ. ಹಾರ್ಮೋನು, ಅದು ಇದು. ರಿಸಲ್ಟ್ ಕೆಡಿಸಿಬಿಡ್ತವೆ" ಅಂದರು ಸಾಹೇಬರು. ಹೇಳಿಸಿಕೊಳ್ಳುತ್ತ ನಿಂತವಳೂ ಒಂದು ಹೆಣ್ಣು ಎಂಬುದು ಅವರ ತಲೆಗೆ ಬಂದಂತೆ ಕಾಣಲಿಲ್ಲ.

ಹೀಗಾಗಿ ನಮ್ಮ ಲ್ಯಾಬಿನಲ್ಲಿ ಲಕ್ವಾ ಹೊಡೆಸಿಕೊಳ್ಳುವ ಯೋಗ್ಯತೆ ಇದ್ದದ್ದು ಯಾರಿಗೆ ಅಂದರೆ, ಗಂಡಾಗಿರಬೇಕು, ಹರೆಯದ್ದಾಗಿರಬೇಕು, ಬಿ.ಪಿ., ಸಕ್ಕರೆ ಕಾಯಿಲೆ ಯಾವುದೂ ಇರಬಾರದು, ತಂಬಾಕು ಹಾಕಬಾರದು, ಮಗಳ ಮದುವೆಯ ಚಿಂತೆ ಇರಬಾರದು, ಅಂಥ ಇಲಿಗೆ. ಅಂಥ ಮನುಷ್ಯನಿಗೆ ಲಕ್ವಾ ಹೊಡೆದದ್ದನ್ನು ನಾನಂತೂ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಎಲ್ಲೂ ಕಂಡಿಲ್ಲ. ಲಕ್ವಾ ಬೇರೆಯವರಿಗೇ ಹೊಡೆಯುತ್ತಿತ್ತು. ಆದರೆ ಅವರು ರಿಸಲ್ಟ್ ಕೆಡಿಸುವವರು.

ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೂ ಔಷಧ ಕೆಲಸ ಮಾಡಲಿಲ್ಲ. ಲಕ್ವಾ ಹೊಡೆಸಿ ಆಮೇಲೆ ಚುಚ್ಚಿದರೆ ಉಪ್ಪುನೀರಿನ ಇಲಿಗೂ ಇದಕ್ಕೂ ಏನೂ ಫರಕಿಲ್ಲ. ಸಾಹೇಬರು ಎರಡು ದಿನ ಕಾಫಿ ಬಿಟ್ಟರು. ಮೂರನೆಯ ದಿನ ಬಂದು, "ದಾರ ಬಿಗಿಯೋದಕ್ಕೆ ಮುಂಚೇನೇ ಕೊಟ್ಟು ನೋಡು" ಅಂದರು. ಕೊಟ್ಟೆ. ಮಿದುಳಿನ ಹೋಳುಗಳು ಕೆಂಪಗೆ ಕುಂಕುಮದ ಹಾಗೆ ಬಂದವು. ಸಾಹೇಬರು ಆ ಗಾಜಿನ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ವರಾಂಡಾದಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದರು.

"ಸರ್, ಮನುಷ್ಯರಿಗೆ ಲಕ್ವಾ ಬರೋ ಮುಂಚೆ ಹೇಳಿಕಳಿಸ್ತದಾ?" ಎಂದೆ.

"ಅದು ಮುಂದಿನ ಸಂಶೋಧಕರ ಕೆಲಸ. ನೀನು ಮುಂಚೆ ಕೊಟ್ಟದ್ದನ್ನಷ್ಟೇ ಬರಿ" ಅಂದರು. ಬರೆದೆ.

ಈಗ ನನ್ನ ಸೋದರಮಾವನ ಕಡೆಗೆ ಬರೋಣ. ಅವ್ವನ ಅಣ್ಣ, ಅಫಜಲಪುರದಲ್ಲಿ ಮನೆ, ತೊಗರಿ ಕಬ್ಬು ಬೆಳೆಯುವ ದೊಡ್ಡ ಒಕ್ಕಲುತನ. ಊರಿನ ಯಾವ ಕಮಿಟಿಯೇ ಇರಲಿ, ಅದರಲ್ಲಿ ಮಾವ ಇರಬೇಕು, ಇಲ್ಲದಿದ್ದರೆ ಕಮಿಟಿಗೇ ಮಾನವಿಲ್ಲ ಎಂದು ಅವರೇ ಹೇಳುತ್ತಿದ್ದರು. ಬಾಯಿ ದೊಡ್ಡದು, ಮನಸ್ಸೂ ಕೆಟ್ಟದ್ದಲ್ಲ. ನನ್ನನ್ನು ಓದಿಸಲೇಬೇಕೆಂದು ಅಪ್ಪನ ಹತ್ತಿರ ಜಗಳವಾಡಿದವರು ಅವರೇ. ಆ ಋಣ ನನ್ನ ಮೇಲಿತ್ತು. ಅವರಿಗೆ ಬಿ.ಪಿ. ಸಿಕ್ಕಾಪಟ್ಟೆ ಏರಿತ್ತು. ಊರಿನ ಡಾಕ್ಟರು ಗುಳಿಗೆ ಬರೆದುಕೊಟ್ಟರೆ ಒಂದು ಪಟ್ಟಿ ನುಂಗಿದರು, ತಲೆ ಸುತ್ತುವುದು ನಿಂತಿತು, ಬಿಟ್ಟುಬಿಟ್ಟರು.

"ಏನೂ ಆಗಿಲ್ಲಂದಮ್ಯಾಲ ಗುಳಿಗಿ ಯಾಕ ನುಂಗಬೇಕು? ಮತ್ತ ಅದಕ್ಕೊಂದು ಪಥ್ಯಾ ಇಲ್ಲ, ಏನಿಲ್ಲ. ಪಥ್ಯಾ ಇಲ್ಲದ ದವಾ ಅಂದ್ರ ದವಾನೇ ಅಲ್ಲ ತಗಿ" ಎಂದು ನನಗೇ ಪಾಠ ಹೇಳಿದರು. ಇದು ಮಾವ ಒಬ್ಬರ ಹುಚ್ಚಲ್ಲ. ನಮ್ಮ ಕಡೆ ಔಷಧಕ್ಕೆ ಪಥ್ಯವೇ ಮರ್ಯಾದೆ. ಬದನೆಕಾಯಿ ಬಿಡಿ, ಮಜ್ಜಿಗೆ ಬಿಡಿ ಎಂದು ಹೆದರಿಸದ ಡಾಕ್ಟರ ಹತ್ತಿರ ಎರಡನೆಯ ಸಲ ಯಾರೂ ಹೋಗುತ್ತಿರಲಿಲ್ಲ.

ಹೀಗಿರುವಾಗ ಮಾವನ ಗೆಳೆಯರೊಬ್ಬರಿಗೆ, ಬಜಾರದಲ್ಲಿ ಕಾಳುಕಡಿ ವ್ಯಾಪಾರ ಮಾಡುವವರಿಗೆ, ಲಕ್ವಾ ಹೊಡೆಯಿತು. ಮನೆಯವರು ಪಾರಿವಾಳ ಕೊಯ್ದು ಅದರ ಬಿಸಿ ರಕ್ತವನ್ನು ಬಿದ್ದ ಕೈಕಾಲಿಗೆ ತಿಕ್ಕಿದರು. ಲಕ್ವಾಕ್ಕೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಇಲಾಜು ಅದು. ಮಾವ ಹೋಗಿ ನೋಡಿ ಬಂದವರು ರೊಟ್ಟಿ ಮುರಿಯದೆ ತಾಟು ಸರಿಸಿದರು. ಅವರಿಗೆ ಹೆದರಿಕೆ ಲಕ್ವಾದ್ದು ಅರ್ಧ, ಪಾರಿವಾಳದ್ದು ಅರ್ಧ.

"ನಾಳಿ ನನಗ ಹೊಡದ್ರ ಈ ಮಂದಿ ಸುಮ್ನಿರ್ತಾರೇನು? ಮಾತಂತೂ ಬಿದ್ದಿರ್ತದ, ಬ್ಯಾಡ ಅನ್ನಾಕೂ ಬರಂಗಿಲ್ಲ. ಲಿಂಗಾ ಕಟಗೊಂಡ ಮೈಗಿ ಪಾರಿವಾಳದ ರಗತ ತಿಕ್ಕಿಬಿಡ್ತಾರ!" ಎಂದು ಹಣೆ ಚಚ್ಚಿಕೊಂಡರು.

ಆ ಸಲ ರಜೆಗೆ ಅಫಜಲಪುರಕ್ಕೆ ಹೋದಾಗ ಮಾವ ಬಾಗಿಲಲ್ಲೇ ಹಿಡಿದರು. ನನ್ನ ಚೀಲ ಇನ್ನೂ ಹೆಗಲ ಮೇಲೆ ಇತ್ತು.

"ತಂಗಿ, ನೀ ಇಲಿಗಿ ಕೊಡೋ ದವಾ ಲಕ್ವಾ ಹೊಡ್ಯೋದ್ಕಿಂತ ಮೊದ್ಲೇ ಕೊಡಬೇಕಂತಲ್ಲ, ಖರೇನು?"

"ಹೌದು ಮಾವಾ. ಅದಕ್ಕೇ ಅದು ಮನಷ್ಯಾರಿಗಿ ಉಪಯೋಗ ಇಲ್ಲ. ಯಾವಾಗ ಹೊಡೀತದ ಅಂತ ಯಾರಿಗಿ ಗೊತ್ತಿರ್ತದ್ರಿ?"

"ಹುಚ್ಚಿ! ದಿನಾ ಕೊಡು. ಎಂದಾರ ಒಂದಿನ ಹೊಡದೇ ಹೊಡೀತದಲ್ಲ, ಅವತ್ತಿಂದು ಮೊದ್ಲೇ ಕೊಟ್ಟಂಗಾತು."

ನಮ್ಮ ಸಾಹೇಬರಿಗೆ ಹೊಳೆಯದ್ದು ಅಫಜಲಪುರದ ಪಡಸಾಲೆಯಲ್ಲಿ ಕುಳಿತವರಿಗೆ ಹೊಳೆದಿತ್ತು, ಸುಳ್ಳೇಕೆ ಹೇಳಲಿ, ನಾನು ಬೆರಗಾದೆ. ಆದರೂ ಬಿಡಲಿಲ್ಲ. "ಇಲಿ ಕೊಂದು ಕೊಂದು ನೋಡಿದ ದವಾ ಅದು. ಪಾರಿವಾಳ ಬ್ಯಾಡ ಅಂತೀರಿ, ಇಲಿ ನಡೀತದೇನ್ರಿ ನಿಮಗ?"

"ಕೊಂದಾಕಿ ನೀನು. ಪಾಪ ನಿಂದು, ಗುಳಿಗಿ ನಂದು."

ಮೊದಲೇ ತೆಗೆದುಕೊಳ್ಳುವ ಔಷಧ ಜಗತ್ತಿನಲ್ಲಿ ಆಗಲೇ ಇದೆ, ನಿಮ್ಮ ಗೂಡಿನಲ್ಲೇ ಧೂಳು ತಿನ್ನುತ್ತಾ ಬಿದ್ದಿದೆ, ಅದೇ ಬಿ.ಪಿ. ಗುಳಿಗೆ ಎಂದು ಬಾಯಿ ನೋಯುವಂತೆ ಹೇಳಿದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅದು ಬಿ.ಪಿ.ಗೆ, ನನಗೆ ಬೇಕಾದ್ದು ಲಕ್ವಾಕ್ಕೆ ಎಂದು ಒಂದೇ ಹಟ. ಮಾವನ ತಲೆಯ ಚಿಂತೆ ಹೀಗೆ ನನ್ನ ತಲೆಗೆ ಬಂದು ಕೂತಿತು. ಇವತ್ತೋ ನಾಳೆಯೋ ಇವರು ನನ್ನ ಇಲಿಗಳ ಹಾಗೆ ಒಂದು ಕೈ ಮಡಚಿಕೊಂಡು ಬೀಳುತ್ತಾರೆ, ಎಂ.ಡಿ. ಮಾಡುತ್ತಿರುವ ನಾನು ನೋಡುತ್ತ ನಿಲ್ಲುತ್ತೇನೆ ಎಂದು ಭಯವಾಯಿತು.

ಕೊನೆಗೆ ಒಂದು ಉಪಾಯ ಮಾಡಿದೆ. ಊರಿನ ಡಾಕ್ಟರಿಗೆ ವಿಷಯ ತಿಳಿಸಿ, ಅವರು ಬರೆದ ಬಿ.ಪಿ. ಗುಳಿಗೆಗಳನ್ನೇ ಪಟ್ಟಿಯಿಂದ ಬಿಡಿಸಿ, ತೊಳೆದೊಣಗಿಸಿದ ಕಂದು ಗಾಜಿನ ಶೀಶೆಯಲ್ಲಿ ತುಂಬಿಕೊಂಡು ಮುಂದಿನ ಸಲ ಹೋದೆ. ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ನಾನು ಆಡಿದ್ದು ಒಂದೇ ಮಾತು: "ಮಾವಾ, ಲಕ್ವಾ ಹೊಡ್ಯೋದ್ಕಿಂತ ಮೊದ್ಲ ತಗೋಬೇಕಾದ ದವಾ ಇದು." ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಲಿಯ ಹೆಸರು ನನ್ನ ಬಾಯಿಂದ ಬರಲಿಲ್ಲ, ಅದನ್ನು ಅವರೇ ಸೇರಿಸಿಕೊಂಡರು.

ಆಮೇಲೆ ಪಥ್ಯ ಹೇಳಿದೆ, ಧ್ವನಿ ಇಳಿಸಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮುಟ್ಟಬಾರದು. ಪಲ್ಯಕ್ಕೆ ಉಪ್ಪು ಅರ್ಧ. ತಂಬಾಕು ಪೂರಾ ಬಂದ್. ದಿನಾ ಲಿಂಗಪೂಜೆ ಆದ ಮೇಲೆ, ಹೆಂಡತಿಯ ಕೈಯಿಂದಲೇ ಗುಳಿಗೆ ಇಸಿದುಕೊಳ್ಳಬೇಕು. ಒಂದು ದಿನ ತಪ್ಪಿದರೂ ಹಿಂದಿನದೆಲ್ಲ ನೀರುಪಾಲು. ಹೆಂಡತಿಯ ಕೈ ಯಾಕೆ ಅಂದರೆ, ಆ ಮನೆಯಲ್ಲಿ ಯಾವುದನ್ನಾದರೂ ಮರೆಯದೆ ಮಾಡುತ್ತಿದ್ದ ಕೈ ಅದೊಂದೇ. ಮಾವ ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಇದಕ್ಕಂತಾರ ನೋಡು ದವಾ ಅಂತ" ಎಂದು ಶೀಶೆಯನ್ನು ಕಣ್ಣಿಗೊತ್ತಿಕೊಂಡು ದೇವರ ಜಗುಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಇಟ್ಟರು.

ಬಿ.ಪಿ. ಇಳಿಯಿತು. ಬಿ.ಪಿ. ನೋಡುವ ಪಾದರಸದ ಯಂತ್ರ ಹೊತ್ತುಕೊಂಡು ನಾನು ಬಂದಾಗಲೆಲ್ಲ ಮಾವ ಪಡಸಾಲೆಯಲ್ಲಿ ಅಂಗಿ ತೋಳು ಏರಿಸಿಕೊಂಡು ತಯಾರಾಗಿ ಕುಳಿತಿರುತ್ತಿದ್ದರು. ನೋಡಲು ಊರಿನ ನಾಲ್ಕು ಮಂದಿ. "ಇಲಿ ದವಾರಿ. ಪೇಟಿಯೊಳಗ ಸಿಗಂಗಿಲ್ಲ. ನಮ್ಮ ಹುಡುಗಿ ತಯಾರ್ ಮಾಡ್ಯಾಳ" ಎಂದು ಶೀಶೆ ಅಲ್ಲಾಡಿಸಿ ಸಪ್ಪಳ ಕೇಳಿಸುತ್ತಿದ್ದರು. ಆಳಂದದಲ್ಲಿ ನಳದ ಹತ್ತಿರ ಮೂಗು ಮುರಿದ ಪಕ್ಕದ ಮನೆಯಾಕೆಯೂ ತನ್ನ ಗಂಡನನ್ನು ಕರೆದುಕೊಂಡು ಬಂದು, "ನಮಗೂ ಜರಾ ಕೊಡವ್ವಾ" ಅಂದಳು. ಆಕೆಯ ಗಂಡನ ಬಿ.ಪಿ. ನೋಡಿ ದವಾಖಾನೆಗೆ ಕಳಿಸಿದೆ. ಹೀಗೆ ಬಂದ ಗಂಡಸರ ತೋಳಿಗೆಲ್ಲ ಪಟ್ಟಿ ಸುತ್ತಿದ್ದೇ ಸುತ್ತಿದ್ದು. ಬಂದವರು ಎಲ್ಲರೂ ಗಂಡಸರೇ, ಕರೆತಂದವರು ಹೆಂಡಂದಿರು.

ಅತ್ತೆಯ ವಿಷಯ ಹೇಳಬೇಕು. ಮಾವನ ಹೆಂಡತಿ, ತವರು ಜೇವರ್ಗಿ ತಾಲೂಕಿನ ಕೊಳಕೂರ. ಮಾತು ಕಡಿಮೆ, ಮಾತಾಡಿದರೆ ಮಾತ್ರ ನಗು ಬರಿಸುವಂಥದ್ದೇ. ನನ್ನ ಪಥ್ಯದಿಂದ ಮಾವನಿಗೆ ಪುಣ್ಯ ಬಂತು, ಅತ್ತೆಗೆ ಕೆಲಸ ಬಂತು. ಮಾವನಿಗೆ ಸಪ್ಪನೆಯ ಪಲ್ಯ ಬೇರೆ, ಆಳುಕಾಳಿಗೆ ಉಪ್ಪು ಖಾರದ್ದು ಬೇರೆ, ಎರಡೆರಡು ಒಲೆ. ಮಾವ ಬಿಟ್ಟ ಉಪ್ಪಿನಕಾಯಿಯ ಭರಣಿಗಳು ಹಾಗೇ ಇದ್ದವು. "ಇಷ್ಟ ಕಷ್ಟಪಟ್ಟ ಹಾಕೀನಿ, ಏನು ತಿಪ್ಪಿಗಿ ಚೆಲ್ಲಲಿ?" ಎಂದು ಎಲ್ಲರದೂ ಆದ ಮೇಲೆ ಕೂತು, ಮಿಕ್ಕ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ಉಣ್ಣುತ್ತಿದ್ದಳು. ತಲೆಗೆ ಒಂದು ಹಳೆಯ ಅರಿವೆ ಬಿಗಿದು ಕಟ್ಟಿಕೊಂಡಿರುತ್ತಿದ್ದಳು. ಕೇಳಿದರೆ, "ಪಿತ್ತ ಬೇ. ನಿಮ್ಮ ಮಾವನ ಜೋಡಿ ಇದ್ದೋರಿಗಿ ತಲಿ ನೋಯದೇ ಇರ್ತದೇನು?" ಎಂದು ನಗಿಸಿ ಕಳಿಸುತ್ತಿದ್ದಳು.

ಒಂದು ಸಲ ಮಾವನ ತೋಳಿಂದ ಪಟ್ಟಿ ಬಿಚ್ಚುತ್ತ ಒಳಗೆ ಕೂಗಿದೆ: "ಅತ್ತಿ, ಬಾ ಇಲ್ಲಿ, ನಿಂದೂ ನೋಡ್ತೇನಿ."

"ಆಕಿಗೇನಾಗ್ಯಾದ? ಕಲ್ಲಿನಂಗ ಅದಾಳ. ಇನ್ನೊಂದ್ಸಲ ನಂದು ನೋಡು, ಈಗ ಬಂದೋರು ನೋಡಿಲ್ಲ" ಅಂದರು ಮಾವ.

ಅತ್ತೆ ಅಡುಗೆಮನೆಯಿಂದಲೇ ಎರಡೂ ಅಂಗೈ ಎತ್ತಿ ತೋರಿಸಿದಳು. ಮೊಣಕೈವರೆಗೂ ಜೋಳದ ಹಿಟ್ಟು. "ಕೈ ಹಿಟ್ಟಾಗ್ಯಾದ ಬೇ. ಆಮ್ಯಾಲ ನೋಡೀಯಂತ." ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು. ನಾನು ಮಾವನ ತೋಳಿಗೆ ಇನ್ನೊಂದು ಸಲ ಪಟ್ಟಿ ಸುತ್ತಿದೆ.

ಆ ವರ್ಷವೇ ನಮ್ಮ ಗೈಡ್ ಸಾಹೇಬರು ದತ್ತನ ದರ್ಶನಕ್ಕೆ ಗಾಣಗಾಪುರಕ್ಕೆ ಹೊರಟರು. ಥೀಸಿಸ್‌ಗೆ ಅವರ ಸಹಿ ಇನ್ನೂ ಬಾಕಿ, ಹಾಗಾಗಿ ಅವರ ಭಕ್ತಿಯ ವ್ಯವಸ್ಥೆಯೂ ನನ್ನದೇ. ಸುದ್ದಿ ತಿಳಿದ ಮಾವ ಬಿಡುತ್ತಾರೆಯೇ? ಅಫಜಲಪುರಕ್ಕೆ ಕರೆಸಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಹೋಳಿಗೆ ಊಟಕ್ಕೆ ಕೂಡಿಸಿದರು. ಊಟದ ನಡುವೆ ಜಗುಲಿಯಿಂದ ಶೀಶೆ ಬಂತು.

"ನಿಮ್ಮ ಇಲಿ ದವಾದಿಂದಲೇ ನಾ ಇವತ್ತ ನಿಮ್ಮ ಮುಂದ ಕುಂತೇನ್ರಿ ಸಾಹೇಬ್ರ."

ಸಾಹೇಬರ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ತಮ್ಮ ಪುಡಿಯನ್ನು ನಾನು ಕದ್ದು ತಂದು ಮನುಷ್ಯನಿಗೆ ನುಂಗಿಸುತ್ತಿದ್ದೇನೆಂಬ ಹೆದರಿಕೆಗೆ ಅವರ ಮುಖ ಬಿಳಿಚಿಕೊಂಡಿತು. ನೀರು ಬಡಿಸುವ ನೆಪದಲ್ಲಿ ಬಾಗಿ, "ಬಿ.ಪಿ. ಗುಳಿಗೆ ಸರ್" ಎಂದು ಕಿವಿಯಲ್ಲಿ ಹೇಳಿದೆ. ಮುಖಕ್ಕೆ ಮತ್ತೆ ರಕ್ತ ಬಂತು. ನಿಜ ಹೇಳುತ್ತಾರೇನೋ ಎಂದು ಕಾದೆ. ಅವರು ಗಂಟಲು ಸರಿಮಾಡಿಕೊಂಡು, "ನಮ್ಮ ಸಂಶೋಧನೆಯಿಂದ ಇಷ್ಟು ಬೇಗ ಜನಸಾಮಾನ್ಯರಿಗೆ ಪ್ರಯೋಜನ ಆಗುತ್ತೆ ಅಂತ ನಾನೇ ಅಂದ್ಕೊಂಡಿರಲಿಲ್ಲ" ಅಂದರು. ತುಪ್ಪವನ್ನೂ ಇನ್ನೊಮ್ಮೆ ಹಾಕಿಸಿಕೊಂಡರು. ಎಂಥ ಮನುಷ್ಯ ನೋಡಿ!

ತುಪ್ಪ ಹಾಕುತ್ತಿದ್ದವಳು ಅತ್ತೆ. ತಲೆಗೆ ಅರಿವೆ ಕಟ್ಟಿಕೊಂಡೇ ಇದ್ದಳು. ಅವಳಿಗೆ ಏನನ್ನಿಸಿತೋ, ಎಂದೂ ಗಂಡಸರ ಪಂಕ್ತಿಯಲ್ಲಿ ಬಾಯಿ ತೆರೆಯದವಳು ಕೇಳಿದಳು: "ಸಾಹೇಬ್ರ, ಹೆಣ್ಣ ಇಲಿಗೂ ಇದು ನಡೀತದೇನ್ರಿ?"

"ಹೆಣ್ಣಿಲಿ ನಾವು ತಗೊಳ್ಳೋದೇ ಇಲ್ಲಮ್ಮ" ಅಂದರು ಸಾಹೇಬರು. "ರಿಸಲ್ಟ್ ಕೆಡಿಸ್ತವೆ."

"ಏ, ಕೆಡಿಸೂದ್ರಾಗ ಏನು ಕೇಳ್ತೀರಿ!" ಎಂದು ಮಾವ ತೊಡೆ ತಟ್ಟಿ ನಕ್ಕರು. ಪಂಕ್ತಿಯೆಲ್ಲ ನಕ್ಕಿತು. ಅತ್ತೆಯೂ ನಕ್ಕು ತುಪ್ಪದ ಗಿಂಡಿ ಹಿಡಿದು ಮುಂದಿನ ಎಲೆಗೆ ಹೋದಳು. ನನಗೆ ಮೈ ಉರಿಯಿತು. ಸಹಿ ಬಾಕಿ ಇತ್ತಲ್ಲ, ನೀರು ಬಡಿಸಿದೆ.

ಮರಳಿ ಕಾಲೇಜಿಗೆ ಹೋದ ಮೇಲೆ ಸಾಹೇಬರ ಕೋಣೆಗೆ ಹೋಗಿ, ಒಂದಷ್ಟು ಹೆಣ್ಣಿಲಿ ತರಿಸಿ, ಅವುಗಳ ಮೇಲೂ ನೋಡೋಣ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಥೀಸಿಸ್ ಮುಗೀಬೇಕೋ ಬೇಡವೋ ನಿಂದು?" ಅಂದರು.

ಮಾವನ ಮಗಳನ್ನು ಜೇವರ್ಗಿಗೆ ಕೊಟ್ಟಿತ್ತು. ಅವಳಿಗೆ ಏಳು ತಿಂಗಳು ತುಂಬಿ ಕುಬುಸದ ಕಾರ್ಯ ಬಂತು. ಬಸುರಿಗೆ ಹಸಿರು ಸೀರೆ, ಹಸಿರು ಕುಬುಸ, ಕೈತುಂಬ ಹಸಿರು ಬಳೆ. ಹೆದ್ದಾರಿಯ ಪಕ್ಕದ ಮನೆ, ಹೊರಗೆ ಲಾರಿಗಳ ಗದ್ದಲ, ಒಳಗೆ ಹೆಂಗಸರ ಹಾಡು. 'ಇಲಿ ದವಾ' ನುಂಗಿ ಗಟ್ಟಿಯಾದ ಮಾವ ಹೊರಗಿನ ಪೆಂಡಾಲಿನಲ್ಲಿ ಬೀಗರಿಗೆಲ್ಲ ಉಪದೇಶ ಮಾಡುತ್ತಿದ್ದರು, ಶೀಶೆ ಜುಬ್ಬದ ಕಿಸೆಯಲ್ಲೇ ಇತ್ತು. ಅತ್ತೆ ಬೆಳಗಿನಿಂದ ನಿಂತೇ ಇದ್ದಳು. ಬುತ್ತಿ ಕಟ್ಟಿಸಿ ತಂದದ್ದು, ಬಡಿಸಿದ್ದು, ಬೀಗಿತಿಯರ ಮುನಿಸು ತಿಳಿಗೊಳಿಸಿದ್ದು ಎಲ್ಲ ಅವಳೇ.

ಮಗಳಿಗೆ ಆರತಿ ಎತ್ತಬೇಕು. ಅತ್ತೆ ತಟ್ಟೆ ಎತ್ತಿದಳು. ಅದು ಬಲಗಡೆಗೆ ವಾಲಿತು. ಕುಂಕುಮದ ನೀರು ಮಗಳ ಹಸಿರು ಸೀರೆಯ ಮೇಲೆ ಚೆಲ್ಲಿತು. ಯಾರೋ, "ಅಯ್ಯ, ದೃಷ್ಟಿ ಆಗ್ಯಾದ್ರಿ" ಅಂದರು. ಅತ್ತೆ ಏನೋ ಹೇಳಲು ಹೋದಳು, ಬಾಯಿ ಒಂದು ಕಡೆಗೆ ಹೋಯಿತು. ಬಲಗೈ ಮಡಚಿಕೊಂಡಿತು. ಆ ಮಡಿಕೆ ನನಗೆ ಗೊತ್ತು, ನೂರಾರು ಸಲ ನಾನೇ ತಂದದ್ದು. ನಾನು ಓಡಿ ಹಿಡಿದುಕೊಳ್ಳುವಷ್ಟರಲ್ಲಿ ಅವಳು ಮಗಳ ಕಾಲ ಹತ್ತಿರ ಕುಸಿದಿದ್ದಳು.

ಮಾವ ಪೆಂಡಾಲಿನಿಂದ ಓಡಿ ಬಂದರು. ಬಂದವರೇ ಕಿಸೆಯಿಂದ ಶೀಶೆ ತೆಗೆದು, ಅಂಗೈಗೆ ಗುಳಿಗೆ ಸುರಿದುಕೊಂಡು ಅತ್ತೆಯ ಬಾಯಿಗೆ ತುರುಕಲು ಹೋದರು. ನಾನು ಅವರ ಮುಂಗೈ ಹಿಡಿದೆ.

"ಬಿಡ್ರಿ ಮಾವಾ! ಆಕಿಗಿ ನುಂಗಾಕ ಬರಂಗಿಲ್ಲ, ಗಂಟಲಾಗ ಸಿಗ್ತದ."

"ಅರದು ಹಾಕು! ನಿನ್ನ ದವಾ ಐತಲ್ಲ, ನಿನ್ನ ಲಕ್ವಾದ ದವಾ!"

"ಹೊಡದ ಮ್ಯಾಲ ಇದು ನಡ್ಯಂಗಿಲ್ರಿ. ಜೀಪ್ ತರಿಸ್ರಿ ಮೊದ್ಲ, ದವಾಖಾನಿಗಿ ಹೋಗೂಣು."

ಮಾವ ನನ್ನ ಮುಖವನ್ನೇ ನೋಡಿದರು. "ಮತ್ತ ಹೊಡ್ಯೋದ್ಕಿಂತ ಮೊದ್ಲ ಆಕಿಗ್ಯಾಕ ಕೊಡಲಿಲ್ಲ ನೀನು? ದಿನಾ ನನಗ ಕೊಡೋದು ಆಕಿ ಕೈಯಿಂದಲೇ ಕೊಡಿಸ್ದಿ. ಆಕಿ ಬಾಯಿಗಿ ಯಾಕ ಹಾಕ್ಲಿಲ್ಲ?"

ಅತ್ತೆಯ ಬಿ.ಪಿ. ನೋಡಲು ನೀವು ಬಿಟ್ಟಿರೇನು ಎಂದು ಕೇಳಬಹುದಿತ್ತು. ಅಷ್ಟರಲ್ಲಿ ಜೀಪು ಬಂತು. ದವಾಖಾನೆಯಲ್ಲಿ ಪಟ್ಟಿ ಸುತ್ತಿದ ಡಾಕ್ಟರು ಪಾದರಸ ಏರಿದ್ದನ್ನು ನೋಡಿ, "ಎಷ್ಟು ವರ್ಷದಿಂದ ಬಿ.ಪಿ. ಇದೆ ಇವರಿಗೆ?" ಎಂದು ಕೇಳಿದರು. ಎಂದಾದರೂ ಅಳೆದಿದ್ದರಲ್ಲವೇ ಗೊತ್ತಾಗುವುದು. ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಮಾವನಿಗೆ ಹೇಳಿದೆ, ಶೀಶೆಯಲ್ಲಿ ಇಲಿಯ ಔಷಧ ಎಂದೂ ಇರಲಿಲ್ಲ, ಅದು ನೀವು ಬಿಸಾಕಿದ ಬಿ.ಪಿ. ಗುಳಿಗೆಯೇ ಎಂದು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಶೀಶೆಯನ್ನು ಬೆಳಕಿಗೆ ಹಿಡಿದು, "ಅಂದ್ರ ಇದು ಬಜಾರಿನ್ಯಾಗ ಯಾರಿಗಿ ಬೇಕಾದ್ರೂ ಸಿಗತಿತ್ತು" ಅಂದರು. ಆಮೇಲೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

ಜೀವ ಉಳಿಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಅಫಜಲಪುರಕ್ಕೆ ಕರೆತಂದ ಮೇಲೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೋದೆ. ಹಿತ್ತಲಲ್ಲಿ ಬೂದು ಪುಕ್ಕಗಳು ಬಿದ್ದಿದ್ದವು. ಒಳಗೆ ಅತ್ತೆಯ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಮಾವ ಕುಳಿತಿದ್ದರು, ಅವರ ಬೆರಳೆಲ್ಲ ಕೆಂಪು. ಬೇರೆಯವರ ಕೈಯಿಂದ ಮಾಡಿಸಿರಲಿಲ್ಲ, ತಾವೇ ತಿಕ್ಕುತ್ತಿದ್ದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ ಹಾಗೇ ಇತ್ತು. ನನ್ನನ್ನು ಕಂಡು, "ಏನೂ ಅನಬ್ಯಾಡ ತಂಗಿ" ಅಂದರು. ಆ ರಕ್ತದಿಂದ ಏನೂ ಆಗುವುದಿಲ್ಲ ಎಂದು ಹೇಳುವ ಹಕ್ಕು, ಇಷ್ಟು ಇಲಿ ಕೊಂದೂ ಅತ್ತೆಯ ತೋಳು ನೋಡದ ನನಗೆ ಇರಲಿಲ್ಲ. ಬಿಸಿನೀರು ಕಾಸಿ ತಂದು ಇಬ್ಬರ ಕೈಯನ್ನೂ ತೊಳೆದೆ.

ಥೀಸಿಸ್ ಪಾಸಾಯಿತು. ಸಾಹೇಬರು ಯಾವುದೋ ದೊಡ್ಡ ಸಭೆಯಲ್ಲಿ ಕೆಂಪು ಮಿದುಳಿನ ಸ್ಲೈಡು ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಅತ್ತೆಯ ಸುದ್ದಿ ಹೇಳಿದಾಗ, "ಛೆ ಛೆ" ಅಂದರು, "ಆದರೆ ನಮ್ಮ ಡ್ರಗ್ಗಿಗೂ ಅದಕ್ಕೂ ಸಂಬಂಧ ಇಲ್ಲ ಬಿಡು." ಅವರ ಜನ್ಮದಲ್ಲಿ ಆಡಿದ ಪೂರ್ತಿ ನಿಜವಾದ ಮಾತು ಅದೊಂದೇ. ಆ ಬಿಳಿ ಪುಡಿ ಯಾವ ಔಷಧದ ಅಂಗಡಿಗೂ ಬರಲಿಲ್ಲ.

ಮಳೆಗಾಲ ಕಳೆದು ತೊಗರಿ ಹೂಬಿಟ್ಟಾಗ ಮತ್ತೆ ಅಫಜಲಪುರಕ್ಕೆ ಹೋದೆ. ಅತ್ತೆಗೆ ಒಂದೆರಡು ಮಾತು ತಿರುಗಿ ಬಂದಿವೆ ಎಂದು ಅವ್ವ ಹೇಳಿದ್ದಳು. ಪಡಸಾಲೆಯಲ್ಲಿ ಹೊರಸಿನ ಮೇಲೆ ದಿಂಬಿಗೆ ಒರಗಿಸಿ ಕೂಡಿಸಿದ್ದರು. ನಾನು ಚೀಲದಿಂದ ಯಂತ್ರ ತೆಗೆದು ಸ್ಟೂಲಿನ ಮೇಲಿಟ್ಟೆ. ರೂಢಿ ಎಂಥದ್ದು ನೋಡಿ, ಮಾವ ಎದುರಿಗೆ ಬಂದು ಕುಳಿತು ಅಂಗಿಯ ತೋಳು ಏರಿಸತೊಡಗಿದರು. ನಾನೂ ಪಟ್ಟಿ ಬಿಚ್ಚಿ ಅವರ ಕಡೆಗೇ ತಿರುಗಿದೆ.

ಹೊರಸಿನಿಂದ ಒಂದು ಸಪ್ಪಳ ಬಂತು. ಅತ್ತೆ ಎಡಗೈಯನ್ನು ನನ್ನ ಮುಂದೆ ಚಾಚಿದ್ದಳು, ಅಂಗೈ ಮೇಲೆ ಮಾಡಿ, ಐದೂ ಬೆರಳು ಅಗಲಿಸಿ. ಬಾಯಿ ವಾಲಿತು, ಕಣ್ಣು ಮಾತ್ರ ನನ್ನನ್ನು ಬಿಡಲಿಲ್ಲ.

"ಹಿಟ್ಟ... ಇಲ್ಲ" ಅಂದಳು. "ನೋಡು."

ಮಾವ ಏರಿಸಿದ ತೋಳನ್ನು ಇಳಿಸಿಕೊಂಡು ಎದ್ದರು. ನಾನು ಅತ್ತೆಯ ತೋಳಿಗೆ ಪಟ್ಟಿ ಸುತ್ತಿದೆ.